ಚೈತ್ರದಲ್ಲಿ ಕಬ್ಬಿಣ, ಮಿರಗದಲ್ಲಿ ಬೀಜ

ಪಂಚಾಂಗದ ಪ್ರಕಾರ ಯುಗಾದಿಯಿಂದ ವಸಂತ ಋತು. ಪಠ್ಯಪುಸ್ತಕದ ಪದ್ಯಗಳಲ್ಲೂ ಹಾಗೆಯೇ. ಮಾವು ಚಿಗುರುತ್ತದೆ, ಬೇವು ಹೂ ಬಿಡುತ್ತದೆ, ಪರೀಕ್ಷೆ ಮುಗಿಸಿದ ಮಕ್ಕಳ ಕೈ ಬಿಡುವಾಗುತ್ತದೆ. ಮನೆಯ ಹಿಂದೆ ನಾಲ್ಕು ಬೆಂಡೆ, ಎರಡು ಟೊಮ್ಯಾಟೊ ಗಿಡ ಹಚ್ಚಬೇಕೆಂಬ ಹುಮ್ಮಸ್ಸು ಹುಟ್ಟುವುದೂ ಆಗಲೇ. ಆದರೆ ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಈ ವಸಂತಕ್ಕೆ ಇನ್ನೊಂದು ಹೆಸರು ಬೇಸಿಗೆ. ಬಿಸಿಲು ನಲವತ್ತು ಡಿಗ್ರಿಯ ಆಸುಪಾಸಿಗೆ ಏರುತ್ತದೆ, ಎರೆ ಭೂಮಿ ಬಿರಿಯುತ್ತದೆ, ಓಣಿಯಲ್ಲಿ ಕೊಡಗಳು ಸಾಲುಗಟ್ಟುತ್ತವೆ. ಏಪ್ರಿಲ್‌ನಲ್ಲಿ ಉತ್ಸಾಹದಿಂದ ಹಾಕಿದ ಬೀಜ ಮೊಳೆತು, ಮೇ ತಿಂಗಳಲ್ಲಿ ಒಣಗಿ, ಜೂನ್ ಹೊತ್ತಿಗೆ ಮಗುವಿನ ತೋಟಗಾರಿಕೆಯೇ ಮುಗಿದುಹೋಗಿರುತ್ತದೆ. ತಪ್ಪು ಮಗುವಿನದಲ್ಲ, ಬೀಜದ್ದೂ ಅಲ್ಲ. ಬೇರೆ ದೇಶದ ವಸಂತವನ್ನು ನಮ್ಮ ಹಿತ್ತಲಿಗೆ ತಂದದ್ದೇ ತಪ್ಪು. ಇಂಗ್ಲೆಂಡಿನಲ್ಲಿ ಮಾರ್ಚ್ ಎಂದರೆ ಮಂಜು ಕರಗಿ ಮಣ್ಣು ಬೆಚ್ಚಗಾಗುವ ಕಾಲ. ನಮ್ಮಲ್ಲಿ ಮಣ್ಣು ತಂಪಾಗಬೇಕು, ಅದು ಆಗುವುದು ಮಿರಗದಲ್ಲಿ, ಅಂದರೆ ಜೂನ್ 7–8ರ ಸುಮಾರಿಗೆ ಕೂಡುವ ಮೃಗಶಿರಾ ಮಳೆಯಲ್ಲಿ. ಬೀದರ್ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಸುಮಾರು 850 ಮಿ.ಮೀ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ.

ಹಾಗಾದರೆ ಚೈತ್ರ–ವೈಶಾಖದಲ್ಲಿ ಕೈಕಟ್ಟಿ ಕೂಡಬೇಕೆ? ಬೇಡ. ಅದು ಕಬ್ಬಿಣ ಕೊಳ್ಳುವ ಕಾಲ, ಗುಂಡಿ ತೋಡುವ ಕಾಲ, ಗೊಬ್ಬರ ನೋಡುವ ಕಾಲ. ಬೀಜದ ಪೊಟ್ಟಣಕ್ಕೆ ಮಾತ್ರ ಅವಸರವಿಲ್ಲ.

ಅಂಗಡಿಗೆ ಹೋಗುವ ಮುನ್ನ ಮನೆಯ ಮಣ್ಣನ್ನು ನೋಡಬೇಕು. ಎರಡೂ ಊರುಗಳು ಪುಣೆ–ಹೈದರಾಬಾದ್ ಹೆದ್ದಾರಿಯ ಬಗಲಲ್ಲೇ ಇದ್ದರೂ ಮಣ್ಣು ಒಂದೇ ಅಲ್ಲ. ಹುಮನಾಬಾದ್ ಸುತ್ತಿನ ಎತ್ತರದ ಜಾಗಗಳಲ್ಲಿ ಜಂಬಿಟ್ಟಿಗೆಯ ಕೆಂಪು ಮಣ್ಣು, ನಡುನಡುವೆ ಗರಸು. ಬಸವಕಲ್ಯಾಣದ ಕಡೆಗೆ ಹೆಚ್ಚಾಗಿ ಕರಿ ಎರೆ. ಕೆಂಪು ಗರಸು ನೆಲಕ್ಕೆ ಪಿಕಾಸಿಯ ಮೊನೆ ಬೇಕು. ಅಲ್ಲಿ ಅಗಲ ಬಾಯಿಯ ಸಲಿಕೆ ಕಲ್ಲಿಗೆ ತಾಗಿ ಬರೀ ಕಿಡಿ ಹಾರಿಸುತ್ತದೆ. ಎರೆ ಮಣ್ಣಿನ ಕಥೆ ಬೇರೆ. ಒಣಗಿದಾಗ ಹೆಂಟೆ, ನೆಂದಾಗ ಅಂಟು. ಅಲ್ಲಿ ಕೆಲಸಕ್ಕೆ ಬರುವುದು ಬೇಸಿಗೆಯಲ್ಲೇ ಒಮ್ಮೆ ಅಗೆದು ಹೆಂಟೆಗಳನ್ನು ಬಿಸಿಲಿಗೆ ಬಿಡುವ ಗುದ್ದಲಿ, ಆಮೇಲೆ ಚೂಪು ಬಾಯಿಯ ಖುರ್ಪಿ. ಬಿಸಿಲಿಗೆ ಬಿದ್ದ ಹೆಂಟೆಯೊಳಗಿನ ಹುಳದ ಮೊಟ್ಟೆ, ಕಳೆಯ ಬೇರು ಸಾಯುತ್ತವೆ. ಮೊದಲ ಮಳೆಗೆ ಹೆಂಟೆ ತಾನಾಗಿಯೇ ಉದುರುತ್ತದೆ. ರೈತರ ಮಾಗಿ ಉಳುಮೆಯ ಗುಟ್ಟೂ ಇದೇ.

ಹೆಸರುಗಳ ಗೊಂದಲ ಈ ಗಡಿ ಭಾಗದಲ್ಲಿ ಇದ್ದದ್ದೇ. ಮನೆಯಲ್ಲಿ ಸಲಿಕೆ ಎಂದದ್ದನ್ನು ಅಂಗಡಿಯವನು ಫಾವಡಾ ಎನ್ನುತ್ತಾನೆ, ಮಣ್ಣು ಹೊರುವ ಕಬ್ಬಿಣದ ಬುಟ್ಟಿ ಘಮೇಲಾ ಆಗುತ್ತದೆ, ನೀರು ಹಾಕುವ ಡಬ್ಬಿ ಝಾರಿಯಾಗುತ್ತದೆ. ಕನ್ನಡ, ಮರಾಠಿ, ದಖ್ಖನಿ, ತೆಲುಗು ನಾಲ್ಕೂ ಕೂಡಿ ಬಳಕೆಯಾಗುವ ಪೇಟೆಯಲ್ಲಿ ಇದಕ್ಕೆ ನಾಚಿಕೆ ಬೇಕಿಲ್ಲ. ಗೊತ್ತಿರದಿದ್ದರೆ ಬೆರಳು ಮಾಡಿ ತೋರಿಸಿದರಾಯಿತು.

ಈಗ ಅಂಗಡಿಯ ಮಾತು. ಬಣ್ಣ ಬಳಿದ ಪುಟ್ಟ ಸಲಿಕೆ, ಪುಟ್ಟ ಫೋರ್ಕು, ಪುಟ್ಟ ಕುಂಟೆ ಸೇರಿಸಿ ಪ್ಲಾಸ್ಟಿಕ್ ಚೀಲದಲ್ಲಿ ‘ಗಾರ್ಡನ್ ಸೆಟ್’ ಎಂದು ನೇತುಹಾಕಿರುತ್ತಾರೆ. ಮಕ್ಕಳ ಕಣ್ಣು ಅದರ ಮೇಲೆಯೇ. ಅದು ಕುಂಡದಲ್ಲಿನ ಸಡಿಲ ಮಣ್ಣಿಗೆ ಮಾಡಿದ್ದು. ಎರೆ ನೆಲಕ್ಕೆ ಒತ್ತಿದರೆ ಕತ್ತು ಬಾಗುತ್ತದೆ. ಐದು ಸಾಮಾನಿನ ಸೆಟ್ಟಿನ ಹಣಕ್ಕೆ ಒಂದೇ ಒಂದು ಒಳ್ಳೆಯ ಖುರ್ಪಿ ಬಂದರೂ ಅದೇ ಲಾಭ. ಮೊದಲ ವರ್ಷಕ್ಕೆ ಖುರ್ಪಿ, ಮಣ್ಣಿಗೆ ತಕ್ಕಂತೆ ಗುದ್ದಲಿ ಅಥವಾ ಪಿಕಾಸಿ, ಒಂದು ಬುಟ್ಟಿ, ಒಂದು ಝಾರಿ ಸಾಕು. ಗುಲಾಬಿ ಕತ್ತರಿ, ಔಷಧ ಸಿಂಪಡಿಸುವ ಪಂಪು ಮುಂತಾದವು ಕಾದು ಕೂತಿರಲಿ.

ಖುರ್ಪಿ ಆರಿಸುವಾಗ ಹತ್ತನೆಯ ತರಗತಿಯ ರಸಾಯನಶಾಸ್ತ್ರವನ್ನು ಸ್ವಲ್ಪ ನೆನಪಿಸಿಕೊಳ್ಳಬಹುದು. ತಗಡಿನಂಥ ಮೆದು ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಸುಮಾರು 0.2 ಭಾಗ ಮಾತ್ರ; ಅದನ್ನು ಕೆಂಪಗೆ ಕಾಯಿಸಿ ನೀರಿಗದ್ದಿದರೂ ಅಷ್ಟಾಗಿ ಗಡುಸಾಗುವುದಿಲ್ಲ. ಲಾರಿಯ ಕಮಾನು ಪಟ್ಟಿಯ ಉಕ್ಕಿನಲ್ಲಿ ಇಂಗಾಲ ಅರ್ಧ ಭಾಗಕ್ಕಿಂತ ಹೆಚ್ಚು. ಅದನ್ನು ಬಡಿದು, ಕಾಯಿಸಿ, ಅದ್ದಿ ಹದ ಹಿಡಿಸಿದರೆ ಬಾಯಿ ವರ್ಷಗಟ್ಟಲೆ ನಿಲ್ಲುತ್ತದೆ. ಬಸವಕಲ್ಯಾಣವಂತೂ ಲಾರಿ ಬಾಡಿ ಕಟ್ಟುವುದಕ್ಕೆ, ರಿಪೇರಿಗೆ ಹೆಸರಾದ ಊರು. ಹಳೆಯ ಕಮಾನು ಪಟ್ಟಿ ಗುಜರಿಯಲ್ಲಿ ಸಿಗುವ ಕಡೆ, ಕುಲುಮೆ ನಡೆಸುವ ಕಮ್ಮಾರ ಹತ್ತಿರದಲ್ಲಿದ್ದರೆ, ಕಾರ್ಖಾನೆಯ ಮಾಲಿಗಿಂತ ಆತ ಹಣಿದು ಕೊಟ್ಟದ್ದೇ ಮೇಲು. ಮಗುವಿನ ಕೈ ಅಳತೆಗೆ ಹಿಡಿ ಕೂಡ ಮಾಡಿಸಿಕೊಳ್ಳಬಹುದು.

ಪರೀಕ್ಷಿಸುವ ಉಪಾಯ ಸುಲಭ. ಬಾಯಿಯ ಅಂಚಿಗೆ ಅರ ಆಡಿಸಿದಾಗ ಬೆಣ್ಣೆಯಂತೆ ಕಚ್ಚಿಕೊಂಡರೆ ಕಬ್ಬಿಣ ಮೆದು. ಪೂರಾ ಜಾರಿದರೆ ಅತಿ ಗಡುಸು, ಕಲ್ಲಿಗೆ ತಾಗಿ ಚಕ್ಕೆ ಏಳಬಹುದು. ತುಸು ಕಚ್ಚಿ ತುಸು ಜಾರಿದರೆ ಸರಿ. ಬಾಯಿಯ ಬಾಲ ಹಿಡಿಯೊಳಗೆ ಎಷ್ಟು ದೂರ ಹೋಗಿದೆ ಎಂದು ಕೇಳಬೇಕು. ಎರಡು ಚುಕ್ಕೆ ವೆಲ್ಡಿಂಗ್ ಮೇಲೆ ನಿಂತದ್ದು ಒಂದು ಮಳೆಗಾಲ ಕಾಣುವುದಿಲ್ಲ. ಗುದ್ದಲಿ, ಸಲಿಕೆಗಳ ಕಾವಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಜಾಲಿ ಕಟ್ಟಿಗೆಯ ಕಾವು ಗಟ್ಟಿ. ನಾರು ಉದ್ದಕ್ಕೆ ನೇರವಾಗಿ ಹರಿದಿರಬೇಕು, ಗಂಟು ಇರಬಾರದು. ಬಣ್ಣ ಬಳಿದ ಕಾವನ್ನು ಕೊಳ್ಳಲೇಬಾರದು. ಬಣ್ಣದ ಕೆಳಗೆ ಬಿರುಕು ಮುಚ್ಚಿರುತ್ತದೆ. ಕಬ್ಬಿಣದ ಪೈಪಿನ ಕಾವು ಮುರಿಯದು ನಿಜ, ಆದರೆ ನಮ್ಮ ಬಿಸಿಲಿನಲ್ಲಿ ಅರ್ಧ ಗಂಟೆ ಬಯಲಿಗಿಟ್ಟು ಆಮೇಲೆ ಹಿಡಿದು ನೋಡಲಿ.

ತೂಕವನ್ನು ಮಾತ್ರ ಅಂಗಡಿಯವನ ಮಾತಿನಿಂದ ತೀರ್ಮಾನಿಸುವಂತಿಲ್ಲ. ಸಾಮಾನನ್ನು ಮಗುವಿನ ಕೈಗೇ ಕೊಟ್ಟು ಹತ್ತು ಸಲ ಎತ್ತಿ ಇಳಿಸಲು ಹೇಳಬೇಕು. ಏಳನೆಯ ಸಲಕ್ಕೆ ಮೊಳಕೈ ನಡುಗಿದರೆ ಚಿಕ್ಕದನ್ನು ಕೇಳಬೇಕು. ‘ಬೆಳೀತಾನ ಬಿಡ್ರಿ, ದೊಡ್ಡದ ಒಯ್ರಿ’ ಎಂಬುದು ಅಂಗಿಗೆ ಹೊಂದುವ ಮಾತು, ಗುದ್ದಲಿಗಲ್ಲ. ಪಾಲಕರು ಇನ್ನೊಂದು ತಿಳಿದಿರಲಿ: 2017ರಲ್ಲಿ ಜಿಎಸ್‌ಟಿ ಬಂದಾಗಿನಿಂದ ಸಲಿಕೆ, ಪಿಕಾಸಿ, ಕುಡಗೋಲಿನಂಥ ಕೈ ಸಲಕರಣೆಗಳಿಗೆ ತೆರಿಗೆ ಇಲ್ಲ. ಬಿಲ್ಲಿನಲ್ಲಿ ಆ ಸಾಲು ಕಂಡರೆ ಕೇಳುವ ಹಕ್ಕಿದೆ.

ಆದರೆ ಎಷ್ಟೋ ಮನೆಗಳಲ್ಲಿ ತೊಡಕು ಹಣದ್ದಲ್ಲ. ಬೀದರ್ ಸೀಮೆಯಿಂದ ಹೈದರಾಬಾದ್, ಪುಣೆ, ಮುಂಬೈಗಳಿಗೆ ಕಟ್ಟಡ ಕೆಲಸಕ್ಕೆ ಹೋಗಿ ಬಂದವರು ಬಹಳ. ಸಲಿಕೆ, ಘಮೇಲಾ ಹಿಡಿದು ಕೈ ಒರಟಾದ ತಂದೆಗೆ, ಮಗನ ಶಾಲೆಯ ಚೀಟಿಯಲ್ಲಿ ‘ಒಂದು ಸಲಿಕೆ ತರತಕ್ಕದ್ದು’ ಎಂದು ಓದಿದಾಗ ಕಸಿವಿಸಿಯಾಗುತ್ತದೆ. ಇದು ತಪ್ಪಲಿ ಎಂದೇ ಅಲ್ಲವೆ ಓದಿಸುತ್ತಿರುವುದು? ಆ ನೋವನ್ನು ಹಗುರಾಗಿ ಕಾಣುವಂತಿಲ್ಲ. ದುಡಿಮೆಯ ಹಿರಿಮೆಯ ಬಗ್ಗೆ ಅವನಿಗೆ ಭಾಷಣ ಮಾಡುವುದಂತೂ ಸಲ್ಲದು. ಒಂದನ್ನು ಮಾತ್ರ ಗಮನಿಸಬೇಕು: ಮೇಲಿನ ಪುಟ್ಟ ಪರೀಕ್ಷೆಗಳೆಲ್ಲ ಆ ತಂದೆಗೆ ಮೊದಲೇ ಗೊತ್ತು. ಕಾವಿನ ನಾರು, ಬೆಣೆಯ ಬಿಗಿ, ಬಾಯಿಯ ಓರೆಯನ್ನು ಅವನು ಒಮ್ಮೆ ಕಣ್ಣಾಡಿಸಿ ಹೇಳಬಲ್ಲ. ಗಣಿತ, ಇಂಗ್ಲಿಷ್‌ಗಳಲ್ಲಿ ಮಗನಿಗೆ ಹೇಳಿಕೊಡಲಾರದೆ ಹಿಂದೆ ಸರಿಯುವವನು ಈ ಅಂಗಡಿಯಲ್ಲಿ ಮುಂದೆ ನಿಂತು ಆರಿಸುತ್ತಾನೆ. ಮಕ್ಕಳು ಅದನ್ನು ನೋಡುವುದು ಒಳ್ಳೆಯದು. ಶಿಕ್ಷಕರೂ ಚೀಟಿ ಬರೆಯುವಾಗ ಗಂಡು ಮಕ್ಕಳಿಗೆ ಸಲಿಕೆ, ಹೆಣ್ಣು ಮಕ್ಕಳಿಗೆ ಪೊರಕೆ ಎಂದು ಹಂಚದಿದ್ದರೆ ಸಾಕು.

ಶಾಲಾ ಪೌಷ್ಟಿಕ ತೋಟಗಳಿಗೆ ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿ ಹೊರಡಿಸಿತು. ಬಿಸಿಯೂಟಕ್ಕೆ ಶಾಲೆಯಂಗಳದ ಸೊಪ್ಪು, ಕಾಯಿ ಎಂಬ ಆಲೋಚನೆ ಸೊಗಸಾದದ್ದು. ಆದರೆ ನಮ್ಮ ಶಾಲೆಗಳು ಏಪ್ರಿಲ್‌ನಲ್ಲಿ ಮುಚ್ಚಿ ಮೇ ಕೊನೆಗೆ ತೆರೆಯುತ್ತವೆ. ಯುಗಾದಿಗೆ ಸಸಿ ನೆಟ್ಟರೆ ರಜೆಯಲ್ಲಿ ನೀರು ಹಾಕುವವರು ಯಾರು? ರಜೆಗೆ ಮುಂಚೆ ಮೂರಡಿ ಉದ್ದ, ಅಗಲ, ಆಳದ ಒಂದು ಗುಂಡಿ ತೋಡಿ, ಆಗಷ್ಟೇ ಉದುರಿದ ಬೇವಿನೆಲೆ, ಅಡುಗೆಮನೆಯ ಸಿಪ್ಪೆ, ಸಗಣಿ ನೀರು ಪದರು ಪದರಾಗಿ ಹಾಕಿ ಮಣ್ಣು ಮುಚ್ಚಿದರೆ ಆ ಕೆಲಸ ತಾನಾಗಿ ನಡೆಯುತ್ತಿರುತ್ತದೆ. ಆ ಗೊಬ್ಬರ ಮಿರಗಕ್ಕೆ ಸಿದ್ಧವಾಗದು, ಶ್ರಾವಣದ ಬಿತ್ತನೆಗೆ ಒದಗುತ್ತದೆ. ಮೊದಲ ಬಿತ್ತನೆಗೆ ಹಳೆಯ ತಿಪ್ಪೆ ಗೊಬ್ಬರವನ್ನೋ ಎರೆಗೊಬ್ಬರವನ್ನೋ ಕೊಳ್ಳಬೇಕು. ಕೊಳ್ಳುವಾಗ ಮುಷ್ಟಿಗೆ ತೆಗೆದುಕೊಂಡು ಮೂಸಬೇಕು. ಮಳೆ ಬಿದ್ದ ನೆಲದ ವಾಸನೆ ಬಂದರೆ ಮಾಗಿದೆ, ಸಗಣಿಯ ನಾತ ಬಂದರೆ ಇಲ್ಲ. ದಪ್ಪ ಬಿಳಿ ಗೊಣ್ಣೆಹುಳು ಕಂಡರೆ ಆ ರಾಶಿಯನ್ನೇ ಬಿಡಬೇಕು. ನಾಲ್ಕು ಸಾಲು ತರಕಾರಿಗೆ ಡಿಎಪಿ, ಯೂರಿಯಾ ಮೂಟೆ ತರುವುದು ದಂಡ. ಕೀಟನಾಶಕದ ಬಾಟಲಿಯಂತೂ ಮಕ್ಕಳ ತೋಟಕ್ಕೆ ಕಾಲಿಡುವುದೇ ಬೇಡ.

ಅಳತೆಯ ಹಗ್ಗ ಮತ್ತು ಎರಡು ಗೂಟ ಕೂಡ ಸಲಕರಣೆಯೇ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ತೋಟದ ಬಗ್ಗೆಯೇ ಒಂದು ಅಧ್ಯಾಯವಿದೆ. ಮಣ್ಣಿನ ಆಯ್ಕೆ, ಬೀಜ, ಗೊಬ್ಬರ, ನೀರು, ಗಿಡ ಗಿಡಗಳ ನಡುವಿನ ಅಂತರ ಎಲ್ಲವೂ ಅಲ್ಲಿ ಬರುತ್ತವೆ. ಅದು ಅರಮನೆಯ ಉದ್ಯಾನದ ಮಾತು, ನಮ್ಮದು ಹಿತ್ತಲು. ಆದರೂ ಬೆಂಡೆ ಸಾಲುಗಳ ನಡುವೆ ಒಂದೂವರೆ ಎರಡಡಿ ಬಿಡದೆ ಒತ್ತೊತ್ತಾಗಿ ಸುರಿದು ಆಮೇಲೆ ಕಾಯಿ ಬರಲಿಲ್ಲ ಎನ್ನುವವರಿಗೆ ಒಂಬೈನೂರು ವರ್ಷದ ಹಿಂದೆಯೇ ಅದೇ ಊರಿನಲ್ಲಿ ಉತ್ತರ ಬರೆದಿಟ್ಟಿದ್ದರು. ಬುಟ್ಟಿಯ ಮಾತು ಬಂದರೆ, ಬಿದಿರು ಬುಟ್ಟಿ ಹೆಣೆಯುವುದನ್ನೇ ಕಾಯಕ ಮಾಡಿಕೊಂಡಿದ್ದ ಶರಣ ಮೇದಾರ ಕೇತಯ್ಯನ ಹೆಸರು ನೆನಪಿಗೆ ಬರುತ್ತದೆ. ಕಬ್ಬಿಣದ ಘಮೇಲಾ ಮಕ್ಕಳಿಗೆ ಭಾರ. ಸಗಣಿ ಸಾರಿಸಿದ ಬಿದಿರು ಬುಟ್ಟಿ ಈಗಲೂ ಹಗುರ, ಅಗ್ಗ.

ಇನ್ನು ಬೀಜ. ಮೇ ಕೊನೆಯ ವಾರಕ್ಕೆ ಮುಂಚೆ ಬೇಡ; ಬಿಸಿಲು ಬೀಳುವ ಅಂಗಡಿ ಕಟ್ಟೆಯ ಮೇಲೆ ತಿಂಗಳುಗಟ್ಟಲೆ ಕೂತ ಪೊಟ್ಟಣ ಯಾವಾಗಲೂ ಬೇಡ. ಪೊಟ್ಟಣದ ಮೇಲೆ ಲಾಟ್ ಸಂಖ್ಯೆ, ಪರೀಕ್ಷೆಯ ದಿನಾಂಕ, ಅವಧಿ, ಮೊಳಕೆಯ ಪ್ರಮಾಣ ಇರಲೇಬೇಕು. ಪ್ರಮಾಣಿತ ಬೀಜದ ಚೀಟಿ ನೀಲಿ. ಬೆಂಡೆಗೆ ಕನಿಷ್ಠ ಮೊಳಕೆ ನೂರಕ್ಕೆ 65, ಟೊಮ್ಯಾಟೊ ಮತ್ತು ಬದನೆಗೆ 70, ಮೆಣಸಿನಕಾಯಿಗೆ 60 ಎಂಬುದು ದೇಶದ ಬೀಜ ಪ್ರಮಾಣೀಕರಣದ ಮಟ್ಟ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಇಪ್ಪತ್ತು ಬೆಂಡೆ ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ತಟ್ಟೆಯಲ್ಲಿಟ್ಟು ದಿನಾ ನೀರು ಚಿಮುಕಿಸಬೇಕು. ವಾರದಲ್ಲಿ ಹದಿಮೂರು ಮೊಳೆತರೆ 65. ಎಂಟೇ ಮೊಳೆತರೆ ಪೊಟ್ಟಣ, ಬಟ್ಟೆ, ರಸೀದಿ ಮೂರನ್ನೂ ಹಿಡಿದು ಅಂಗಡಿಗೆ ಹೋಗಬಹುದು. ಬೀಜ ಕೊಂಡ ರೈತನೂ ಗ್ರಾಹಕನೇ, ದೋಷವಿದ್ದರೆ ಗ್ರಾಹಕರ ವೇದಿಕೆಗೆ ಹೋಗಬಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಆದ್ದರಿಂದ ಸಣ್ಣ ಪೊಟ್ಟಣಕ್ಕೂ ರಸೀದಿ ಕೇಳುವ ರೂಢಿ ಇರಲಿ; ಲಾಟ್ ಸಂಖ್ಯೆ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ತಳಿ ಯಾವುದು? ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ’ ಹೆಸರಿನ ತಳಿಗಳಲ್ಲಿ ಬೆಂಡೆಯ ಅರ್ಕಾ ಅನಾಮಿಕಾ, ಟೊಮ್ಯಾಟೊದ ಅರ್ಕಾ ವಿಕಾಸ್ ಬಹುಕಾಲದಿಂದ ಬಳಕೆಯಲ್ಲಿವೆ. ಇವು ಹೈಬ್ರಿಡ್ ಅಲ್ಲವಾದ್ದರಿಂದ ಒಳ್ಳೆಯ ಗಿಡದ ಒಂದೆರಡು ಕಾಯಿಯನ್ನು ಕೊಯ್ಯದೆ ಬಿಟ್ಟು ಮುಂದಿನ ವರ್ಷಕ್ಕೆ ಬೀಜ ಮಾಡಿಕೊಳ್ಳಬಹುದು. ಹೈಬ್ರಿಡ್ ಪೊಟ್ಟಣಕ್ಕೆ ಪ್ರತಿ ವರ್ಷ ಹಣ ಕೊಡಬೇಕು. ಮಕ್ಕಳಿಗೆ ಮೊದಲನೆಯದೇ ಸರಿ. ಸಂದೇಹವಿದ್ದರೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲೋ ಬೀದರ್‌ನ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಬಹುದು.

ಕೆಲಸಕ್ಕೆ ಇಳಿಯುವಾಗ ಚಪ್ಪಲಿಯಲ್ಲ, ಬೂಟು. ಬೇಸಿಗೆಯಲ್ಲಿ ಕಲ್ಲೆತ್ತಿದ ಕಡೆ ಚೇಳು ಇರುತ್ತದೆ. ಹತ್ತು ಮತ್ತು ಹದಿನಾರನೆಯ ವಯಸ್ಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕುವ ಧನುರ್ವಾಯು ಲಸಿಕೆ ಆಗಿದೆಯೇ ಎಂದು ಪಾಲಕರು ಕಾರ್ಡು ತೆಗೆದು ನೋಡಿಕೊಳ್ಳಲಿ. ಸಂಜೆ ಖುರ್ಪಿಯ ಮಣ್ಣು ಕೆರೆದು, ಒರೆಸಿ, ಬಾಯಿಗೆ ಒಂದು ಹನಿ ಎಣ್ಣೆ ಸವರಿ ನೆಳಲಿಗೆ ಇಡಬೇಕು.

ಮಿರಗದ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಬೆಳಿಗ್ಗೆ ಮಕ್ಕಳು ಪೊಟ್ಟಣ ಹಿಡಿದು ಓಡುತ್ತಾರೆ. ಕೆಂಪು ನೆಲದವರು ಓಡಲಿ. ಎರೆ ನೆಲದವರು ಇನ್ನೂ ಎರಡು ಮೂರು ದಿನ ಕಾಯಬೇಕು. ಹಸಿ ಎರೆಯನ್ನು ತುಳಿದರೆ ಅದು ಒಣಗಿ ಇಟ್ಟಿಗೆಯಾಗುತ್ತದೆ. ಒಂದು ಮುಷ್ಟಿ ಮಣ್ಣು ತೆಗೆದು ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಡಬೇಕು. ಉಂಡೆ ಚಪ್ಪಟೆಯಾದರೆ ಇನ್ನೂ ಹಸಿ. ಒಡೆದು ಚದುರಿದರೆ ಬೀಜ ಊರಬಹುದು, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ.