ಬೆಳಕಿಗೂ ಪಾಳಿಯುಂಟು

ಹೊಟೇಲಿನ ಅಡಿಗೆಮನೆಯಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಒಂದು ಸಂಗತಿಯನ್ನು ಯಾರೂ ಕಲಿಸಬೇಕಾಗಿಲ್ಲ. ಇಡ್ಲಿಯ ಹಿಟ್ಟನ್ನು ಮಧ್ಯಾಹ್ನ ಎರಡಕ್ಕೆ ರುಬ್ಬಿದರೂ ಆಯಿತು, ನಾಲ್ಕಕ್ಕೆ ರುಬ್ಬಿದರೂ ಆಯಿತು. ಆದರೆ ಬೆಳಗಿನ ಐದು ಗಂಟೆಯ ಗಿರಾಕಿಗೆ ಚಹಾ ಐದಕ್ಕೇ ಬೇಕು. ಕಾಯಬಲ್ಲ ಕೆಲಸ ಯಾವುದು, ಕಾಯಲಾರದ ಕೆಲಸ ಯಾವುದು ಎಂಬ ಈ ವಿವೇಕವೇ ಇಂದು ವಿದ್ಯುಚ್ಛಕ್ತಿಯ ತಜ್ಞರಿಗೂ ಬೇಕಾಗಿದೆ.

ಬಿಸಿಲು, ಗಾಳಿ, ಹಳ್ಳದ ನೀರು ಇವುಗಳಿಂದ ವಿದ್ಯುತ್ತನ್ನು ಪಡೆದು ಒಂದು ಊರಿನೊಳಗೇ ಹಂಚುವ ಚಿಕ್ಕ ಜಾಲಕ್ಕೆ ಮೈಕ್ರೋಗ್ರಿಡ್ ಎನ್ನುತ್ತಾರೆ. ಬಿಸಿಲು ನಮ್ಮ ಗಡಿಯಾರ ನೋಡಿ ಬರುವುದಿಲ್ಲ. ಬಂದುದನ್ನೆಲ್ಲ ಬ್ಯಾಟರಿಯಲ್ಲಿ ಕೂಡಿಡೋಣವೆಂದರೆ ವೆಚ್ಚ ಏರುತ್ತದೆ. ಆದ್ದರಿಂದ ಕಾಯಬಲ್ಲ ಕೆಲಸಗಳನ್ನು ವಿದ್ಯುತ್ ಹೇರಳವಾಗಿರುವ ಹೊತ್ತಿಗೆ ಸರಿಸಬೇಕೆಂದು ತಜ್ಞರು ಹೇಳುತ್ತಾರೆ. ಸರಿಯಾದ ಮಾತೇ. ಆದರೆ ಯಾರ ಕೆಲಸವನ್ನು ಸರಿಸಬೇಕೆಂದು ತೀರ್ಮಾನಿಸುವವರು ಯಾರು? ನಮ್ಮ ಪ್ರಶ್ನೆ ಇಷ್ಟೇ.

ಸ್ಕಾಟ್‌ಲೆಂಡಿನ ಪಶ್ಚಿಮ ಕರಾವಳಿಯಾಚೆ ಎಗ್ ಎಂಬ ದ್ವೀಪವಿದೆ. ಅಲ್ಲಿರುವವರು ಸುಮಾರು ನೂರು ಜನ. 1997ರಲ್ಲಿ ಅವರು ದಾನಿಗಳ ನೆರವಿನಿಂದ ಹಣ ಕೂಡಿಸಿ ದ್ವೀಪವನ್ನೇ ತಮ್ಮ ಟ್ರಸ್ಟಿಗೆ ಕೊಂಡುಕೊಂಡರು. 2008ರಲ್ಲಿ ನೀರು, ಗಾಳಿ, ಬಿಸಿಲು ಮೂರನ್ನೂ ಜೋಡಿಸಿ ಸ್ವಂತ ವಿದ್ಯುತ್ ಜಾಲವನ್ನು ಆರಂಭಿಸಿದರು. ಮನೆ ದೊಡ್ಡದಿರಲಿ, ಚಿಕ್ಕದಿರಲಿ, ಒಂದೇ ಹೊತ್ತಿಗೆ 5 ಕಿಲೋವಾಟಿಗಿಂತ ಹೆಚ್ಚು ಎಳೆಯುವಂತಿಲ್ಲ. ವ್ಯಾಪಾರದವರಿಗೆ 10. ಗಾಳಿ ಮಳೆ ಜೋರಾಗಿ ವಿದ್ಯುತ್ ಉಳಿದರೆ ಅದು ಊರಿನ ಸಭಾಭವನ ಮುಂತಾದ ಸಾರ್ವಜನಿಕ ಕಟ್ಟಡಗಳನ್ನು ಬೆಚ್ಚಗಿಡುತ್ತದೆ. ಕಡಿಮೆ ಬಿದ್ದರೆ ಡೀಸೆಲ್ ಯಂತ್ರ ಕೈಹಿಡಿಯುತ್ತದೆ. ಮಿತಿ ಉಂಟು, ಆದರೆ ಆ ಮಿತಿ ಅವರದೇ, ಎಲ್ಲರಿಗೂ ಸಮವಾದುದು.

ಇನ್ನು ನಮ್ಮ ದೇಶದ ಕಡೆ ನೋಡಿರಿ. ಬಿಹಾರದ ಧರ್ನಾಯಿ ಗ್ರಾಮದಲ್ಲಿ 2014ರಲ್ಲಿ 100 ಕಿಲೋವಾಟಿನ ಸೌರ ಜಾಲ ಬಂತು. ದಶಕಗಳ ಕತ್ತಲೆ ಕಳೆಯಿತೆಂದು ಸಂಭ್ರಮವೂ ನಡೆಯಿತು. ಆದರೆ ಫ್ರಿಜ್ಜಿನಂಥ ಹೆಚ್ಚು ವಿದ್ಯುತ್ ಎಳೆಯುವ ಸಾಮಾನನ್ನು ಹಾಕಬಾರದೆಂಬ ಕಟ್ಟು ಇತ್ತು. ಜನರು ‘ನಮಗೆ ನಿಜವಾದ ಕರೆಂಟು ಬೇಕು’ ಎಂದರು. ಸರಕಾರದ ತಂತಿ ಬಂದೊಡನೆ ಅತ್ತ ಹೊರಳಿದರು. ಕೆಲವೇ ವರ್ಷಗಳಲ್ಲಿ ಸೌರ ಜಾಲ ಮೂಲೆಗೆ ಬಿತ್ತು. ಜನರನ್ನು ಹಳಿಯುವುದು ಸುಲಭ. ನಾವು ಹಳಿಯಲಾರೆವು. ಬಡವನ ಬೇಡಿಕೆ ಎಂದರೆ ಎರಡು ದೀಪ, ಒಂದು ಫ್ಯಾನು ಎಂದು ಮೊದಲೇ ಗೆರೆ ಎಳೆದರೆ ಯೋಜನೆ ಹೇಗೆ ಬಾಳೀತು?

ನಮ್ಮ ನಾಡಿನ ರೈತನಿಗೂ ಇದರ ಅನುಭವವುಂಟು. ಪಂಪಿನ ತ್ರೀಫೇಸು ರಾತ್ರಿ ಪಾಳಿಯಲ್ಲಿ ಬಂದಾಗ ಟಾರ್ಚು ಹಿಡಿದು, ಹಾವು ಚೇಳಿಗೆ ಹೆದರುತ್ತ ಹೊಲಕ್ಕೆ ಹೋಗುವವನು ಅವನೇ. ನೀರೆತ್ತುವ ಕೆಲಸ ಕಾಯಬಲ್ಲದು, ನಿಜ. ಹಾಗೆಂದು ಅದನ್ನು ನಡುರಾತ್ರಿಗೆ ತಳ್ಳಿದರೆ ಅವನ ನಿದ್ದೆಯ ಲೆಕ್ಕ ಯಾರ ಪುಸ್ತಕದಲ್ಲಿದೆ? ಬಿಸಿಲಿನ ವಿದ್ಯುತ್ತಾದರೋ ಹಗಲಿನದು. ಪಂಪು, ಹಿಟ್ಟಿನ ಗಿರಣಿ ಹಗಲಿಗೆ ಬರಲಿ. ಹೆರಿಗೆ ಕೋಣೆಯ ದೀಪ, ಓದುವ ಮಕ್ಕಳ ದೀಪ ಎಂದಿಗೂ ಕಾಯದಿರಲಿ.

ಆದ್ದರಿಂದ ಯೋಜನೆ ಹಾಕುವವರು ಫಲಕಗಳನ್ನು ಎಣಿಸುವ ಮುನ್ನ ಊರಿನವರನ್ನು ಕೂರಿಸಿ ಅವರ ದಿನಚರಿಯನ್ನು ಕೇಳಲಿ. ಹೊತ್ತು ಬದಲಿಸಿ ಸಹಕರಿಸಿದವರಿಗೆ ದರದಲ್ಲಿ ಇಳಿತ ಸಿಗಲಿ. ಮಿತಿ ಹಾಕುವುದಾದರೆ ದೊಡ್ಡ ಮನೆಗೂ ಗುಡಿಸಲಿಗೂ ಒಂದೇ ಇರಲಿ.

ದುಡಿಯುವವನನ್ನು ಕೇಳದೆ ಪಾಳಿ ಗೊತ್ತುಮಾಡುವ ರೀತಿಯನ್ನು ಗಿರಣಿಯ ಬಾಗಿಲಲ್ಲಿ ಕಂಡವರು ನಾವು. ಅದು ಬೆಳಕಿನ ಹೆಸರಿನಲ್ಲಿ ಮತ್ತೆ ನಮ್ಮೂರಿಗೆ ಬರುವುದು ಬೇಡ.