ಅಂಗೈಯಲ್ಲಿರುವ ಆಟಕ್ಕೆ ಕಡಲಾಚೆಯ ಟಿಕೆಟ್

2020ರ ಫೆಬ್ರುವರಿ ಕೊನೆಯ ವಾರ. ಕೌಂಟರ್-ಸ್ಟ್ರೈಕ್ ಎಂಬ ವಿಡಿಯೊ ಗೇಮಿನ ದೊಡ್ಡ ಪಂದ್ಯಾವಳಿ ‘ಇಂಟೆಲ್ ಎಕ್ಸ್‌ಟ್ರೀಮ್ ಮಾಸ್ಟರ್ಸ್’ ನೋಡಲೆಂದು ಪೋಲೆಂಡಿನ ಕಾಟೊವಿತ್ಸೆ ನಗರಕ್ಕೆ ನಾನಾ ದೇಶಗಳ ಅಭಿಮಾನಿಗಳು ಬಂದಿಳಿದಿದ್ದರು. ನಾಕೌಟ್ ಹಂತಕ್ಕೆ ಒಂದು ರಾತ್ರಿಯಷ್ಟೇ ಬಾಕಿ. ಅಷ್ಟರಲ್ಲಿ ಕೊರೊನಾ ಭೀತಿಯಿಂದ ಅಲ್ಲಿನ ಪ್ರಾಂತೀಯ ಆಡಳಿತ ಜನ ಸೇರಿಸುವ ಪರವಾನಗಿಯನ್ನೇ ರದ್ದು ಮಾಡಿತು. ಪಂದ್ಯಗಳು ಮಾತ್ರ ನಡೆದವು. ಖಾಲಿ ಕುರ್ಚಿಗಳ ಮುಂದೆ ನಾಟುಸ್ ವಿನ್ಸೆರೆ ತಂಡ ಜಿ2 ತಂಡವನ್ನು 3-0ಯಿಂದ ಸೋಲಿಸಿ ಕಪ್ ಎತ್ತಿತು. ಅಷ್ಟು ದೂರ ಬಂದವರಿಗೂ ಮನೆಯಲ್ಲೇ ಕುಳಿತವರಂತೆ ಮೊಬೈಲ್ ಪರದೆಯೇ ಗತಿಯಾಯಿತು.

ಅವರು ಕಳೆದುಕೊಂಡದ್ದೇನು? ಆಟದ ಒಂದು ಕ್ಷಣವೂ ತಪ್ಪಲಿಲ್ಲ, ಚಿತ್ರ ಸ್ಪಷ್ಟವಾಗಿತ್ತು, ವೀಕ್ಷಕ ವಿವರಣೆಯೂ ಇತ್ತು. ಆದರೂ ಎಲ್ಲವನ್ನೂ ಕಳೆದುಕೊಂಡೆವು ಎಂದು ಅವರಿಗೆ ಅನ್ನಿಸಿದರೆ ಅದು ಹುಡುಗಾಟದ ದೂರಲ್ಲ. ಇ-ಸ್ಪೋರ್ಟ್ಸ್ ಎಂಬ ಉದ್ಯಮ ಪ್ರೇಕ್ಷಕನನ್ನು ಇನ್ನೂ ಸರಿಯಾಗಿ ಅರ್ಥ ಮಾಡಿಕೊಂಡಿಲ್ಲ, ಭಾರತದಲ್ಲಂತೂ ಸ್ವಲ್ಪವೂ ಮಾಡಿಕೊಂಡಿಲ್ಲ. ಪರದೆಯ ಮೇಲಿನ ಆಟ ಪುಕ್ಕಟೆ. ದೂರದಿಂದ ಬರುವವನು ದುಡ್ಡು ಕೊಡುವುದು ಪಕ್ಕದಲ್ಲಿ ಕೂತು ಕೂಗುವ ಅಪರಿಚಿತನಿಗಾಗಿ.

ಕಂಬಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗ ಕಂಬಳವೂ ಯೂಟ್ಯೂಬಿನಲ್ಲಿ ನೇರ ಪ್ರಸಾರವಾಗುತ್ತದೆ. ಆದರೂ ನಡುರಾತ್ರಿಯಲ್ಲಿ ಕೋಣಗಳು ಓಡುವ ಕರೆಯ ಬದಿಯಲ್ಲಿ ನಿಂತು, ಮೈಗೆ ಕೆಸರು ಸಿಡಿಸಿಕೊಳ್ಳುವವರ ಸಂಖ್ಯೆ ಕಡಿಮೆಯಾಗಿಲ್ಲ. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆದಾಗ ಅಲ್ಲಿ ನೆರೆದ ಜನಸಾಗರಕ್ಕೆ ಮನೆಯಲ್ಲಿ ಟಿ.ವಿ. ಇರಲಿಲ್ಲವೇ?

ವಿಡಿಯೊ ಗೇಮ್ ಪಂದ್ಯದಲ್ಲಿ ಗುಂಪಿನ ಸುಖ ಇನ್ನೂ ವಿಚಿತ್ರ. ಕೌಂಟರ್-ಸ್ಟ್ರೈಕ್‌ನಲ್ಲಿ ಐವರ ವಿರುದ್ಧ ಐವರು ಆಡುತ್ತಾರೆ. ಎದುರಾಳಿ ಯಾವ ಮೂಲೆಯಲ್ಲಿ ಅಡಗಿದ್ದಾನೆ ಎಂಬುದು ಆಟಗಾರನಿಗೆ ಗೊತ್ತಿಲ್ಲ. ಸಭಾಂಗಣದ ದೊಡ್ಡ ಪರದೆಯಲ್ಲಿ ಮಾತ್ರ ಗೋಡೆಯಾಚೆಗಿನವನ ಆಕಾರವೂ ಕಾಣುತ್ತದೆ. ಪೆಟ್ಟಿಗೆಯ ಹಿಂದೆ ಒಬ್ಬ ಕುಕ್ಕರುಗಾಲಲ್ಲಿ ಕೂತಿದ್ದಾನೆ, ಇನ್ನೊಬ್ಬ ಏನೂ ಅರಿಯದೆ ಅತ್ತಲೇ ನಡೆದು ಬರುತ್ತಿದ್ದಾನೆ. ಹತ್ತು ಸಾವಿರ ಜನರಿಗೆ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ. ಮೊದಲು ಗುಸುಗುಸು, ಆಮೇಲೆ ಮೊರೆತ. ಆ ಮೊರೆತ ಕಿವಿಗೆ ಬಿದ್ದರೆ ಆಟವೇ ಕೆಡುತ್ತದೆಂದು ಆಟಗಾರರಿಗೆ ಹೊರಗಿನ ಸದ್ದು ತಡೆಯುವ ಹೆಡ್‌ಸೆಟ್ ಹಾಕಿ, ಅದರೊಳಗೆ ಜುಂಯ್ ಎನ್ನುವ ಒಂದೇ ಸಮನಾದ ಸದ್ದನ್ನೂ ತುಂಬುತ್ತಾರೆ. ಡೋಟಾ ಆಟದ ದೊಡ್ಡ ಪಂದ್ಯಾವಳಿಗಳಲ್ಲಿ ತಂಡಗಳನ್ನು ಗಾಜಿನ ಗೂಡಿನೊಳಗೆ ಕೂರಿಸಿದ್ದೂ ಇದಕ್ಕಾಗಿಯೇ. ತನ್ನ ದನಿ ಆಟಗಾರನಿಗೆ ಕೇಳಬಾರದು ಎಂಬ ನಿಯಮವಿದ್ದೂ ಗಂಟಲು ಹರಿಯುವಂತೆ ಕೂಗುವ ಪ್ರೇಕ್ಷಕ ಬೇರೆ ಯಾವ ಕ್ರೀಡೆಯಲ್ಲಿದ್ದಾನೆ!

ಇದೇನೂ ನಿನ್ನೆ ಮೊನ್ನೆಯ ಹುಚ್ಚಲ್ಲ. 2004ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಬುಸಾನ್ ನಗರದ ಗ್ವಾಂಗಲ್ಲಿ ಕಡಲತೀರದಲ್ಲಿ ಸ್ಟಾರ್‌ಕ್ರಾಫ್ಟ್ ಲೀಗಿನ ಫೈನಲ್ ನಡೆದಾಗ ಸುಮಾರು ಒಂದು ಲಕ್ಷ ಜನ ಸೇರಿದ್ದರೆಂದು ವರದಿಯಾಗಿತ್ತು. ಅದೇ ಊರಿನಲ್ಲಿ ಅದೇ ಹೊತ್ತಿಗೆ ನಡೆದ ಬೇಸ್‌ಬಾಲ್ ಆಲ್‌ಸ್ಟಾರ್ ಪಂದ್ಯಕ್ಕೆ ಅದರ ಕಾಲು ಭಾಗ ಜನವೂ ಇರಲಿಲ್ಲ. ಹತ್ತು ವರ್ಷಗಳ ಬಳಿಕ, 2014ರಲ್ಲಿ, ಲೀಗ್ ಆಫ್ ಲೆಜೆಂಡ್ಸ್ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್ ಸೋಲ್ ನಗರದ ವಿಶ್ವಕಪ್ ಫುಟ್‌ಬಾಲ್ ಕ್ರೀಡಾಂಗಣಕ್ಕೇ ಬಂತು. ಪ್ರೇಕ್ಷಕರು ಸುಮಾರು 40 ಸಾವಿರ. 2023ರಲ್ಲಿ ಅದೇ ಸೋಲ್‌ನ ಗೊಚೊಕ್ ಡೋಮ್‌ನಲ್ಲಿ ಫೇಕರ್ ಎಂದೇ ಲೋಕಪ್ರಸಿದ್ಧನಾದ ಲೀ ಸಾಂಗ್-ಹ್ಯೋಕ್‌ನ ಟಿ1 ತಂಡ ಗೆದ್ದ ರಾತ್ರಿ, ಟಿಕೆಟ್ ಸಿಗದ ಸಾವಿರಾರು ಮಂದಿ ನವೆಂಬರಿನ ಚಳಿಯಲ್ಲಿ ಗ್ವಾಂಗ್‌ಹ್ವಾಮುನ್ ಚೌಕದ ದೊಡ್ಡ ಪರದೆಯ ಮುಂದೆ ನಿಂತಿದ್ದರು. ಮರುವರ್ಷ ಲಂಡನ್ನಿನ ಓ2 ಅರೀನಾದಲ್ಲಿ ಟಿ1 ಮತ್ತೆ ಗೆದ್ದಾಗ, ಚೀನಾದ ಲೆಕ್ಕ ಬಿಟ್ಟೂ ಏಕಕಾಲಕ್ಕೆ ನೋಡುತ್ತಿದ್ದವರ ಗರಿಷ್ಠ ಸಂಖ್ಯೆ 69 ಲಕ್ಷದ ಆಸುಪಾಸಿನಲ್ಲಿತ್ತು. ಒಳಗಿದ್ದವರು ಕೆಲವೇ ಸಾವಿರ. ಆದರೂ ಆ ಸಾವಿರಗಳಿಲ್ಲದ ಫೈನಲ್ ಹೇಗೆ ಸಪ್ಪೆಯಾಗುತ್ತದೆ ಎಂಬುದನ್ನು ಕೊರೊನಾ ಕಾಲ ಸಂಘಟಕರಿಗೆ ಚೆನ್ನಾಗಿಯೇ ಕಲಿಸಿದೆ.

ಊರೊಂದು ಈ ಪ್ರೇಕ್ಷಕನನ್ನು ನಿಜಕ್ಕೂ ಬರಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಕಾಟೊವಿತ್ಸೆಯೇ ಉದಾಹರಣೆ. ಕಲ್ಲಿದ್ದಲು, ಉಕ್ಕುಗಳನ್ನೇ ನಂಬಿ ಬೆಳೆದ ಊರದು. ಗಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಹಳೆಯ ಗಣಿಯ ಜಾಗದಲ್ಲೇ ವಸ್ತುಸಂಗ್ರಹಾಲಯವೂ ಸಮ್ಮೇಳನ ಭವನವೂ ಎದ್ದವು. ಅವುಗಳ ಪಕ್ಕದಲ್ಲೇ ಇರುವುದು ಸ್ಪೊಡೆಕ್, 1971ರಲ್ಲಿ ಬಾಗಿಲು ತೆರೆದ, ಹಾರುವ ತಟ್ಟೆಯಾಕಾರದ ಸಭಾಂಗಣ. 2013ರಿಂದ ಇಂಟೆಲ್ ಎಕ್ಸ್‌ಟ್ರೀಮ್ ಮಾಸ್ಟರ್ಸ್ ಬಹುತೇಕ ವರ್ಷವರ್ಷವೂ ಅಲ್ಲಿಗೇ ಬಂತು. 2014ರಲ್ಲಿ ಪೋಲೆಂಡಿನದೇ ವಿರ್ಟುಸ್.ಪ್ರೊ ತಂಡ ಅಲ್ಲಿ ಕೌಂಟರ್-ಸ್ಟ್ರೈಕ್‌ನ ಅತಿ ಪ್ರತಿಷ್ಠಿತ ಪಂದ್ಯಾವಳಿಯಾದ ‘ಮೇಜರ್’ ಗೆದ್ದಿತು. 2017ರಲ್ಲಿ ಎರಡು ವಾರಾಂತ್ಯಗಳಲ್ಲಿ 1.73 ಲಕ್ಷ ಮಂದಿ ಬಂದಿದ್ದರೆಂದು ಸಂಘಟಕರು ಹೇಳಿದರು. ಚಳಿಗಾಲದ ಮುಂಜಾವಿನಲ್ಲಿ ಸ್ಪೊಡೆಕ್‌ನ ಹೊರಗೆ ಗಂಟೆಗಟ್ಟಲೆ ಸಾಲು ನಿಲ್ಲುವುದೇ ಅಭಿಮಾನಿಗಳಿಗೆ ಒಂದು ವ್ರತದಂತಾಗಿತ್ತು. ಬಹುಮಾನದ ಮೊತ್ತದಲ್ಲಿ ಕಾಟೊವಿತ್ಸೆಯನ್ನು ಮೀರಿಸಿದ ಪಂದ್ಯಾವಳಿಗಳು ಬೇಕಾದಷ್ಟಿವೆ. ಈ ನಗರ ಕೊಟ್ಟದ್ದು ಖಾತರಿ. ಮುಂದಿನ ವರ್ಷವೂ ಇದೇ ಊರು, ಇದೇ ಸೂರು, ಹೆಚ್ಚುಕಮ್ಮಿ ಇದೇ ತಿಂಗಳು. ರಜೆ ಹಾಕುವವನಿಗೆ, ರೈಲು ಬುಕ್ ಮಾಡುವವನಿಗೆ ಬೇಕಿರುವುದು ಅಷ್ಟೇ. 2026ರಿಂದ ಪಂದ್ಯಾವಳಿ ಕ್ರಾಕೋವ್‌ಗೆ ಸ್ಥಳಾಂತರಗೊಂಡಿದೆ. ಹೆಚ್ಚು ಆಸನಗಳ ಅರೀನಾ ಸಿಕ್ಕಿದೆ, ನಿಜ. ಒಂದು ಊರಿನ ಹೆಸರೇ ಒಂದು ಆಟದ ಹೆಸರಾಗುವುದಕ್ಕೆ ಹಿಡಿದ ದಶಕವನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡಬಾರದಿತ್ತು.

ಖಾತರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಡೋಟಾ 2 ಆಟದ ‘ದಿ ಇಂಟರ್‌ನ್ಯಾಷನಲ್’ ತೋರಿಸಿತು. 2020ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆಯಬೇಕಿದ್ದ ಅದು ಕೊರೊನಾದಿಂದ ಒಂದು ವರ್ಷ ಮುಂದೆ ಹೋಯಿತು. ಅಷ್ಟರಲ್ಲಿ ಇ-ಸ್ಪೋರ್ಟ್ಸ್‌ಗೆ ಸದಸ್ಯತ್ವ ಕೊಡಲು ಸ್ವೀಡನ್ನಿನ ಕ್ರೀಡಾ ಒಕ್ಕೂಟ ಒಪ್ಪಲಿಲ್ಲ. ಕ್ರೀಡೆಯಲ್ಲ ಎಂದಾದ ಮೇಲೆ ಹೊರದೇಶದ ಆಟಗಾರರ ವೀಸಾಕ್ಕೇ ಕುತ್ತು ಬಂತು. ಪಂದ್ಯಾವಳಿ ರುಮೇನಿಯಾದ ಬುಕಾರೆಸ್ಟ್‌ಗೆ ಓಡಿತು. ಅಲ್ಲಿಗೆ ಟಿಕೆಟ್ ಕೊಂಡವರಿಗೆ, ಪಂದ್ಯಾವಳಿ ಶುರುವಾಗಲು ಕೆಲವೇ ದಿನಗಳಿರುವಾಗ, ಪ್ರೇಕ್ಷಕರಿಗೆ ಪ್ರವೇಶವಿಲ್ಲ ಎಂಬ ಸುದ್ದಿ ಬಂತು. ಟಿಕೆಟ್ ಹಣ ವಾಪಸಾಯಿತು. ವಿಮಾನದ ಹಣ, ಹೋಟೆಲಿನ ಹಣ ಯಾರು ಕೊಡಬೇಕು? ಒಟ್ಟು ಬಹುಮಾನ 4 ಕೋಟಿ ಡಾಲರ್ ದಾಟಿದ ಪಂದ್ಯಾವಳಿಯಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಮರುವರ್ಷ ಸಿಂಗಪುರದಲ್ಲಿ ಕೊನೆಯ ಎರಡು ದಿನಗಳ ಟಿಕೆಟ್ ಬೆಲೆ 498 ಸಿಂಗಪುರ ಡಾಲರ್. ಬೆಂಗಳೂರಿನಿಂದ ನಾಲ್ಕೂವರೆ ಗಂಟೆಯ ಹಾದಿ, ಆದರೆ ಟಿಕೆಟ್ಟೇ ಹೆಚ್ಚುಕಮ್ಮಿ ವಿಮಾನದಷ್ಟು ತುಟ್ಟಿ.

ನಮ್ಮಲ್ಲಿ ಪರಿಸ್ಥಿತಿ ಬೇರೆ ಬಗೆಯದು. 2019ರ ಏಪ್ರಿಲಿನಲ್ಲಿ ಮುಂಬೈ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ‘ಇಎಸ್‌ಎಲ್ ಒನ್’ ನಡೆದಾಗ ಡೋಟಾದ ದೊಡ್ಡ ತಂಡಗಳನ್ನು ಭಾರತದ ನೆಲದಲ್ಲೇ ನೋಡುವ ಅವಕಾಶ ಸಿಕ್ಕಿತ್ತು. ಅದು ಮತ್ತೆ ಮುಂಬೈಗೆ ಬರಲೇ ಇಲ್ಲ. ಬಿಜಿಎಂಐ ಎಂಬ ಮೊಬೈಲ್ ಆಟದ ರಾಷ್ಟ್ರೀಯ ಸರಣಿಯ ಫೈನಲ್ 2024ರಲ್ಲಿ ಹೈದರಾಬಾದ್, 2025ರಲ್ಲಿ ಕೋಲ್ಕತ್ತ. ಆಟ ನಡೆಸುವ ಕ್ರಾಫ್ಟನ್ ಕಂಪನಿಯ ಭಾರತದ ಕಚೇರಿ ಇರುವುದು ಬೆಂಗಳೂರಿನಲ್ಲಿ. ಫೈನಲ್ ನೋಡಬೇಕೆಂದರೆ ಬೆಂಗಳೂರಿನ ಹುಡುಗ ಒಂದೂವರೆ ದಿನದ ಹೌರಾ ರೈಲು ಹತ್ತಬೇಕಿತ್ತು. ಎಲ್ಲ ಊರಿಗೂ ಹಂಚೋಣ ಎಂಬ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ವರ್ಷಕ್ಕೊಂದು ಊರಾದರೆ ಯಾವ ಊರಲ್ಲೂ ಬೇರು ಬಿಡುವುದಿಲ್ಲ.

ಸರ್ಕಾರದ ಕಡೆಯಿಂದ ಈಗ ನೆಪಗಳೂ ಉಳಿದಿಲ್ಲ. 2022ರ ಡಿಸೆಂಬರಿನಲ್ಲಿ ಇ-ಸ್ಪೋರ್ಟ್ಸ್ ಕೇಂದ್ರ ಕ್ರೀಡಾ ಸಚಿವಾಲಯದ ಅಡಿಗೆ ಬಂತು. 2025ರ ಆಗಸ್ಟಿನ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಬೇರೆ ಎಂದು ಗೆರೆ ಎಳೆಯಿತು. (ಮಗ ಗೇಮಿಂಗ್ ಪಂದ್ಯಕ್ಕೆ ಹೋಗುತ್ತೇನೆಂದರೆ ಆನ್‌ಲೈನ್ ರಮ್ಮಿಯೇ ನೆನಪಾಗುವ ಅಪ್ಪಂದಿರಿಗೆ ಈ ಗೆರೆ ಇನ್ನೂ ಕಂಡಿಲ್ಲ, ಆ ಮಾತು ಬೇರೆ.) ಕರ್ನಾಟಕದ ಬಳಿ ಅನಿಮೇಷನ್, ಗೇಮಿಂಗ್ ವಲಯಕ್ಕೆಂದೇ 2024-29ರ ನೀತಿ ಇದೆ. ಇಂಥ ನೀತಿಗಳ ಕಣ್ಣು ಸ್ಟುಡಿಯೊ, ಹೂಡಿಕೆ, ಉದ್ಯೋಗಗಳ ಮೇಲೆ. ಟಿಕೆಟ್ ಕೊಂಡು ಊರಿಗೆ ಬರುವ ಪ್ರೇಕ್ಷಕ ಯಾವ ಕೋಷ್ಟಕದಲ್ಲೂ ಕೂರುವುದಿಲ್ಲ.

ಅವನನ್ನು ಕರೆಯುವ ಮೊದಲು ಬೆಂಗಳೂರು ಇನ್ನೊಂದು ಕೆಲಸ ಮಾಡಬೇಕು: ಜನಸಂದಣಿಯನ್ನು ನಿಭಾಯಿಸಲು ಕಲಿಯಬೇಕು. 2025ರ ಜೂನ್ 4ರಂದು ಕ್ರಿಕೆಟ್ ವಿಜಯೋತ್ಸವದ ವೇಳೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಪ್ರವೇಶ ಉಚಿತವೇ, ಪಾಸ್ ಬೇಕೇ ಎಂಬ ಗೊಂದಲವೂ ಅಂದಿನ ನೂಕುನುಗ್ಗಲಿನ ಹಿಂದಿತ್ತು. ಗೇಮಿಂಗ್ ಪಂದ್ಯಗಳಿಗೆ ಬರುವವರಲ್ಲಿ ಹದಿಹರೆಯದವರೂ ಇರುತ್ತಾರೆ. ಅವರಿಗೆ ಉಚಿತ ಪ್ರವೇಶ ಎಂದು ಘೋಷಿಸಿ ಚಪ್ಪಾಳೆ ಗಿಟ್ಟಿಸುವುದಕ್ಕಿಂತ, ನೂರಿನ್ನೂರು ರೂಪಾಯಿಯ ಆಸನಸಂಖ್ಯೆ ಇರುವ ಟಿಕೆಟ್ ಕೊಡುವುದೇ ಹೆಚ್ಚು ಜವಾಬ್ದಾರಿಯ ಕೆಲಸ. ಕಂಠೀರವ, ಕೋರಮಂಗಲ ಒಳಾಂಗಣ ಕ್ರೀಡಾಂಗಣಗಳು ಇದ್ದೇ ಇವೆ. ಅವುಗಳಲ್ಲೊಂದನ್ನು ಮೂರು ವರ್ಷದ ಮಟ್ಟಿಗೆ ಒಂದೇ ಪಂದ್ಯಾವಳಿಗೆ, ಒಂದೇ ವಾರಾಂತ್ಯಕ್ಕೆ ಗೊತ್ತು ಮಾಡಿ ಆರು ತಿಂಗಳ ಮೊದಲೇ ದಿನಾಂಕ ಪ್ರಕಟಿಸಿದರೆ ಹುಬ್ಬಳ್ಳಿಯವರೂ ಬರುತ್ತಾರೆ, ಕೊಚ್ಚಿಯವರೂ ಬರುತ್ತಾರೆ. ಪಂದ್ಯ ರದ್ದಾದರೆ ಟಿಕೆಟ್ ಹಣ ಎಷ್ಟು ದಿನದಲ್ಲಿ ಮರಳುತ್ತದೆ ಎಂಬುದು ಟಿಕೆಟ್ಟಿನ ಮೇಲೆಯೇ ಅಚ್ಚಾಗಿರಬೇಕು. ಮತ್ತೊಂದು ಮಾತು: ಐದು ಸುತ್ತುಗಳವರೆಗೂ ಹೋಗಬಹುದಾದ ಫೈನಲ್ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಯಾರೂ ಹೇಳಲಾರರು. ಕ್ರಿಕೆಟ್ ಪಂದ್ಯದ ರಾತ್ರಿಗಳಲ್ಲಿ ನಮ್ಮ ಮೆಟ್ರೊ ಕೊನೆಯ ರೈಲನ್ನು ತಡವಾಗಿ ಬಿಡುತ್ತದೆ. ಅದೇ ಆದೇಶದಲ್ಲಿ ಆಟದ ಹೆಸರೊಂದನ್ನು ಬದಲಿಸಿದರೆ ಸಾಕು.