ಚಕ್ರ ತಿರುಗಿಸಿದ ಕೈಗೆ ಪಾನಾ ಬೇಡವೇ?

ಹಾರೂಗೇರಿಯ ನಮ್ಮ ಹಿತ್ತಲಲ್ಲಿ ಕೈಯಿಂದ ತಿರುಗಿಸುವ ಮೇವು ಕತ್ತರಿಸುವ ಯಂತ್ರವೊಂದು ತುಕ್ಕು ಹಿಡಿದು ನಿಂತಿತ್ತು. ಅದರ ಚಕ್ರ ತಿರುಗಿಸಿಯೇ ನಮ್ಮ ಅತ್ತೆಯವರ ರಟ್ಟೆ ಸವೆದಿತ್ತು. ನಾನು ಪಾನಾ ಹಿಡಿದು ಕೂತಾಗ ಮೈದುನ ನಕ್ಕ: "ವೈನಿ, ಇದೇನ ಹೆಂಗಸರ ಕೆಲಸೇನ್ರಿ? ಗುಜರಿಗೆ ಹಾಕ್ರಿ."

ವರ್ಷಗಟ್ಟಲೆ ಕಣಕಿ ಕತ್ತರಿಸುವಾಗ ಅದು ಹೆಂಗಸರ ಕೆಲಸ. ಬೋಲ್ಟು ಬಿಚ್ಚುವಾಗ ಮಾತ್ರ ಗಂಡಸರದೇ? ಇದೆಲ್ಲಿಯ ನ್ಯಾಯ?

1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅಲ್ಲಿಯೇ ಇಂಥ ಯಂತ್ರಗಳನ್ನು ತಯಾರಿಸಿದರು. 1910ರಲ್ಲಿ ಕಾರ್ಖಾನೆ ಕಿರ್ಲೋಸ್ಕರವಾಡಿಗೆ ಹೋಯಿತು. ಸೈಕಲ್ ರಿಪೇರಿಯ ಕೈ ಯಂತ್ರವನ್ನೇ ಕಟ್ಟಿದ್ದಾದರೆ, ರೊಟ್ಟಿ ಬಡಿಯುವ ಕೈ ಅದನ್ನು ರಿಪೇರಿ ಮಾಡಲಾರದೇ?

ಇದರಲ್ಲಿ ಮಹಾ ಗುಟ್ಟೇನಿಲ್ಲ. ಮೊದಲು ಚಕ್ರ ತಾನಾಗಿ ಉರುಳದಂತೆ ಕಟ್ಟಿಗೆ ಸಿಕ್ಕಿಸಿದೆ. ತುಕ್ಕಿನ ಬೋಲ್ಟುಗಳಿಗೆ ರಾತ್ರಿಯಿಡೀ ಸೀಮೆಎಣ್ಣೆ. ಅಲಗುಗಳ ಇಳಿಜಾರಿನ ಬದಿಯನ್ನಷ್ಟೇ ಮಸೆದೆ. ಚಪ್ಪಟೆ ಬದಿ ಮುಟ್ಟಲಿಲ್ಲ. ಅಲಗು ಬಾಯಿಪಟ್ಟಿಗೆ ಬಡಿಯದೆ, ಅಂತರವೂ ಬಿಡದೆ ಸವರಿಕೊಂಡು ಹೋಗಬೇಕು. ಕಾಗದ ಹಿಡಿದು ನಿಧಾನವಾಗಿ ಚಕ್ರ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡಬಲ್ಲ ನಿಮಗೆ ಇದೇನು ದೊಡ್ಡದು?

ಹಳೆಯದನ್ನು ಪೂಜಿಸಿರೆಂದು ನಾನು ಹೇಳುತ್ತಿಲ್ಲ. ಮೇವು ತುರುಕುವಾಗ ಬೆರಳು ಕಳೆದುಕೊಂಡ ಹೆಣ್ಣುಮಕ್ಕಳು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅದಕ್ಕೇ ಬಾಯಿಯ ಮೇಲೆ ತಗಡಿನ ಮುಚ್ಚಳ ಕೂರಿಸಿದೆ. ಇಷ್ಟು ವರ್ಷ ಅದು ಯಾರಿಗೂ ಹೊಳೆದಿರಲಿಲ್ಲ. ಬೋಲ್ಟು ಬಿಗಿಯುವವರ ಬೆರಳು ಅಲ್ಲಿರಲಿಲ್ಲವಲ್ಲ!

ಯಂತ್ರದ ಮುಂದೆ ದುಡಿಯುವವಳಿಗೆ ಅದರ ಒಳಗೂ ತಿಳಿದಿರಲಿ. ಮನೆಯ ಪಾನಾ ಎಲ್ಲಿದೆ, ಇಂದೇ ಹುಡುಕಿರಿ.